ಅಂಕಿಯ ಜೊತೆ ಅದರ ಅನುಮಾನವನ್ನೂ ಕಳಿಸಿ

ಯೋಜನೆ ಹೂಡುವ ಯಂತ್ರಗಳ ನಡುವಿನ ಮಾತುಕತೆಗಾಗಿ ಒಂದು ಪ್ರಣಾಳಿಕೆ

ಮಳೆಗಾಲ ಬಂತೆಂದರೆ ನಮ್ಮ ದಿನಪತ್ರಿಕೆಗಳ ಒಳಪುಟದ ಮೂಲೆಯಲ್ಲಿ ಒಂದು ಪಟ್ಟಿ ಕಾಣಿಸಿಕೊಳ್ಳುತ್ತದೆ. ಜಲಾಶಯಗಳ ಗರಿಷ್ಠ ಮಟ್ಟ: ಕೆಆರ್‌ಎಸ್ 124.80 ಅಡಿ, ಭದ್ರಾ 186 ಅಡಿ, ತುಂಗಭದ್ರಾ 1633 ಅಡಿ, ಲಿಂಗನಮಕ್ಕಿ 1819 ಅಡಿ, ಆಲಮಟ್ಟಿ 519.60 ಮೀಟರ್. ಮಂಡ್ಯದ ರೈತರಾಗಲಿ ಹೊಸಪೇಟೆಯ ಅಂಗಡಿಯವರಾಗಲಿ ಇದನ್ನು ಓದಿ, ತುಂಗಭದ್ರಾ ಜಲಾಶಯ ಕೆಆರ್‌ಎಸ್‌ಗಿಂತ ಹದಿಮೂರು ಪಟ್ಟು ಆಳ ಎಂದು ತಿಳಿಯುವುದಿಲ್ಲ. ಒಂದು ಅಡಿಯನ್ನು ಅಣೆಕಟ್ಟೆಯ ಬುಡದಿಂದ ಎಣಿಸಿದ್ದಾರೆ, ಇನ್ನೊಂದನ್ನು ಸಮುದ್ರಮಟ್ಟದಿಂದ. ಪಟ್ಟಿಯಲ್ಲಿ ಇದನ್ನು ಬರೆದಿರುವುದಿಲ್ಲ. ಬರೆಯುವ ಅಗತ್ಯ ಇಷ್ಟು ವರ್ಷ ಬಿದ್ದಿರಲಿಲ್ಲ, ಓದುವವರು ಮನುಷ್ಯರೇ ಆಗಿದ್ದರು.

ಈಗ ಯಂತ್ರಗಳೂ ಓದುತ್ತಿವೆ. ಕೃಷ್ಣಾ ಮತ್ತು ಭೀಮಾ ಕಣಿವೆಗಳಿಗೆಂದು ಮಹಾರಾಷ್ಟ್ರದ ಜಲಸಂಪನ್ಮೂಲ ಇಲಾಖೆ ಹರಿವಿನ ಮುನ್ಸೂಚನೆ ಮತ್ತು ಜಲಾಶಯ ನಿರ್ವಹಣೆಯ ಗಣಕ ವ್ಯವಸ್ಥೆಯೊಂದನ್ನು ಕಟ್ಟಿದೆ. ಕೇಂದ್ರ ಜಲ ಆಯೋಗ ಪ್ರವಾಹದ ಮುನ್ಸೂಚನೆ ಕೊಡುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಿಂದ ತಾವಾಗಿಯೇ ಅಂಕಿ ರವಾನಿಸುತ್ತವೆ. ಇವುಗಳ ಮೇಲೆ ಇನ್ನೊಂದು ಪದರ ಬರುತ್ತಿದೆ: ಈಗಿನ ಸ್ಥಿತಿ, ಕೈಯಲ್ಲಿರುವ ಕ್ರಿಯೆಗಳು, ತಲುಪಬೇಕಾದ ಗುರಿ, ಈ ಮೂರನ್ನು ಕೊಟ್ಟರೆ ಯಾವ ಕೆಲಸವನ್ನು ಯಾವಾಗ ಯಾರು ಮಾಡಬೇಕೆಂದು ತಾನೇ ಹೊಂದಿಸುವ ತಂತ್ರಾಂಶ. ಗೇಟು ಎಷ್ಟು ಎತ್ತಬೇಕು, ದೋಣಿ ಎಲ್ಲಿಗೆ ಹೋಗಬೇಕು, ಯಾವ ಊರನ್ನು ಮೊದಲು ತೆರವು ಮಾಡಬೇಕು, ಬಸ್ಸು ಯಾವ ದಾರಿ ಹಿಡಿಯಬೇಕು.

ಇಂಥ ಒಂದೊಂದು ವ್ಯವಸ್ಥೆಯನ್ನೂ ಜಾಣರೇ ಬರೆಯುತ್ತಾರೆ. ಆದರೆ ಒಂದು ಇನ್ನೊಂದಕ್ಕೆ ಮಾತು ದಾಟಿಸುವಾಗ ಎರಡು ಸಂಗತಿಗಳು ದಾರಿಯಲ್ಲೇ ಉದುರಿಹೋಗುತ್ತವೆ. ಹೇಳಿದ್ದರ ಅರ್ಥವೇನು ಎಂಬುದು ಮೊದಲನೆಯದು. ಹೇಳಿದ್ದು ಎಷ್ಟರ ಮಟ್ಟಿಗೆ ಖಚಿತ ಎಂಬುದು ಎರಡನೆಯದು. ಈ ಎರಡೂ ಅಂಕಿಯ ಜೊತೆಗೇ, ಬಿಡಿಸಲಾಗದಂತೆ ಹೋಗಬೇಕು. ಇದೊಂದೇ ಬೇಡಿಕೆಗಾಗಿ ನಾವು ಕೂಡಿದ್ದೇವೆ. ನಮ್ಮಲ್ಲಿ ತಂತ್ರಾಂಶ ಬರೆಯುವವರಿದ್ದಾರೆ, ಜಲವಿಜ್ಞಾನ ಓದಿದವರಿದ್ದಾರೆ, ವಿದ್ಯಾರ್ಥಿಗಳಿದ್ದಾರೆ, ನದಿಯ ದಂಡೆಯಲ್ಲಿ ಹೊಲ ಇರುವವರೂ ಇದ್ದಾರೆ. ಬಳಗಕ್ಕೆ ಇನ್ನೂ ಹೆಸರಿಟ್ಟಿಲ್ಲ. ಮೊದಲು ಮಾತು ಸ್ಪಷ್ಟವಾಗಲಿ.

ಒಂದು ಪದ, ಮೂರು ತೂಕ

ಇಂಗ್ಲಿಷಿನ ‘ಲೈಕ್ಲಿ’ ಎಂಬ ಪದವನ್ನೇ ನೋಡಿ. ಭಾರತೀಯ ಹವಾಮಾನ ಇಲಾಖೆಯ ಬುಲೆಟಿನ್ನಿನಲ್ಲಿ ಅದಕ್ಕೆ 25ರಿಂದ 50 ಪ್ರತಿಶತ ಸಂಭವನೀಯತೆ ಎಂಬ ಅರ್ಥವಿದೆ. ಎಚ್ಚರಿಕೆಗಳನ್ನು ಯಂತ್ರದಿಂದ ಯಂತ್ರಕ್ಕೆ ದಾಟಿಸಲು ಜಗತ್ತಿನ ಹಲವು ದೇಶಗಳು ಒಪ್ಪಿಕೊಂಡಿರುವ, ನಮ್ಮ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’ ವ್ಯವಸ್ಥೆಯೂ ಬಳಸುವ ಸಿಎಪಿ ಎಂಬ ಮಾದರಿಯಲ್ಲಿ ಅದೇ ಪದಕ್ಕೆ ಸುಮಾರು 50 ಪ್ರತಿಶತಕ್ಕಿಂತ ಹೆಚ್ಚು ಎಂಬ ಅರ್ಥ. ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿಯ ವರದಿಗಳಲ್ಲಿ ಅದು 66ರಿಂದ ಮೇಲಕ್ಕೆ. ಕನ್ನಡಕ್ಕೆ ಬಂದಾಗ ಮೂರೂ ‘ಸಾಧ್ಯತೆ ಇದೆ’ ಆಗುತ್ತವೆ.

ಹವಾಮಾನ ಇಲಾಖೆ 40 ಪ್ರತಿಶತ ಎಂಬ ಅರ್ಥದಲ್ಲಿ ಆ ಪದ ಬಳಸಿತೆನ್ನಿ. ಸಿಎಪಿಯ ನಿಯಮದಂತೆ ಅದನ್ನು ಒಂದು ಮೆಟ್ಟಿಲು ಕೆಳಗಿನ ‘ಪಾಸಿಬಲ್’ ಎಂಬ ಮನೆಗೆ ಹಾಕಬೇಕು. ಪದವನ್ನು ಪದವಾಗಿಯೇ ದಾಟಿಸಿದರೆ, ಆಕಾಶದಲ್ಲಿ ಒಂದು ಹನಿಯೂ ಹೆಚ್ಚಾಗದೆ, 40 ಇದ್ದದ್ದು 50ನ್ನು ಮೀರಿ ಕೂರುತ್ತದೆ. ಮುಂದಿನ ಯಂತ್ರ ಅದನ್ನು ನಂಬಿ ದೋಣಿ ಹೊರಡಿಸುತ್ತದೆ. ಇಲ್ಲಿ ಯಾರೂ ಸುಳ್ಳು ಹೇಳಲಿಲ್ಲ, ಯಾರ ಲೆಕ್ಕವೂ ತಪ್ಪಲಿಲ್ಲ. ತಪ್ಪಿದ್ದು ಎರಡು ವ್ಯವಸ್ಥೆಗಳ ನಡುವಿನ ಜಾಗದಲ್ಲಿ, ಆ ಜಾಗಕ್ಕೆ ಇವತ್ತು ಯಾರೂ ಹೊಣೆಯಲ್ಲ. ಅದರ ಹೊಣೆ ಹೊರಲು ನಾವು ಸಿದ್ಧರಿದ್ದೇವೆ.

‘ಸೇತುವೆ ಮುಳುಗಿದೆ’ ಎಂಬ ಮಾತೂ ಹಾಗೆಯೇ. ಚಿಕ್ಕೋಡಿ ಸೀಮೆಯಲ್ಲಿ ಕೃಷ್ಣೆ ಏರಿದಾಗಲೆಲ್ಲ ಕಲ್ಲೋಳ–ಯಡೂರು ಸೇತುವೆ ಮುಳುಗಿದ ಸುದ್ದಿ ಬರುತ್ತದೆ. ನೀರಾವರಿಯವರಿಗೆ ಮುಳುಗುವುದು ಎಂದರೆ ನೀರು ಸೇತುವೆಯ ಮೈಮೇಲೆ ಹರಿಯುವುದು. ಪೊಲೀಸರಿಗೆ ಬ್ಯಾರಿಕೇಡ್ ಹಾಕುವುದು. ಬಸ್ ಡಿಪೊಗೆ ಆ ಮಾರ್ಗದ ಸರ್ವಿಸ್ ನಿಲ್ಲಿಸುವುದು. ಈ ಮೂರಕ್ಕೂ ಗಂಟೆಗಟ್ಟಲೆ ಅಂತರವಿರಬಹುದು. ಊರಿನ ಹೆಸರುಗಳೋ, ಇನ್ನೂ ತೊಡಕು. ‘ಬಿಜಾಪುರ’ ಎಂದು ಹಳೆಯ ಕಡತದಲ್ಲಿದ್ದರೆ ಅದು 2014ರ ನವೆಂಬರ್ 1ರಂದು ವಿಜಯಪುರವಾದ ನಮ್ಮ ಊರೋ, ಛತ್ತೀಸಗಢದ ಜಿಲ್ಲೆಯೋ? ‘ಹಿಪ್ಪರಗಿ’ ಎಂದರೆ ಬಾಗಲಕೋಟೆ ಜಿಲ್ಲೆಯ ಬ್ಯಾರೇಜೋ, ವಿಜಯಪುರ ಜಿಲ್ಲೆಯ ದೇವರ ಹಿಪ್ಪರಗಿಯೋ? ಮನುಷ್ಯ ಸಂದರ್ಭ ನೋಡಿ ತಿಳಿಯುತ್ತಾನೆ. ಯಂತ್ರವೂ ಸಂದರ್ಭ ನೋಡಿಯೇ ತಿಳಿಯಬೇಕು, ಮತ್ತು ತನ್ನದು ಊಹೆ ಎಂದು ಒಪ್ಪಿಕೊಂಡೇ ತಿಳಿಯಬೇಕು.

ಅಭಾವವೂ ಒಂದು ಪದಾರ್ಥ

ನಮ್ಮ ಕ್ಷೇತ್ರದಲ್ಲಿ ಆಂಟಾಲಜಿ ಎಂಬ ಮಾತಿದೆ. ಒಂದು ಲೋಕದಲ್ಲಿ ಯಾವ ಯಾವ ಬಗೆಯ ವಸ್ತುಗಳಿವೆ, ಅವುಗಳ ಗುಣಗಳೇನು, ಅವುಗಳ ನಡುವಿನ ಸಂಬಂಧಗಳೇನು ಎಂದು ಯಂತ್ರಕ್ಕೂ ಓದಲು ಬರುವಂತೆ ಬರೆದಿಟ್ಟ ಒಡಂಬಡಿಕೆ ಅದು. ಕನ್ನಡದಲ್ಲಿ ಇದಕ್ಕೆ ಪದಾರ್ಥಕೋಶ ಎನ್ನೋಣ. ಪದಾರ್ಥ ಎಂದರೆ ಇವತ್ತು ನಮಗೆ ಅಡುಗೆಗೆ ಹಾಕುವ ಸಾಮಗ್ರಿ. ಮೂಲದಲ್ಲಿ ಅದು ಪದದ ಅರ್ಥ, ಅಂದರೆ ಪದ ಬೊಟ್ಟು ಮಾಡುವ ವಸ್ತು. ವೈಶೇಷಿಕ ದರ್ಶನ ಇಡೀ ಜಗತ್ತನ್ನು ಆರು ಪದಾರ್ಥಗಳಾಗಿ ವಿಂಗಡಿಸಿತು. ಆಮೇಲೆ ಬಂದ ಆಚಾರ್ಯರು ಏಳನೆಯದಾಗಿ ಅಭಾವವನ್ನು ಸೇರಿಸಿದರು. ಇಲ್ಲದಿರುವುದೂ ತಿಳಿಯಬೇಕಾದ ಒಂದು ಸಂಗತಿ, ಅದಕ್ಕೂ ಲಕ್ಷಣ ಬರೆಯಬೇಕು ಎಂದು ಅವರು ಪಟ್ಟುಹಿಡಿದರು.

ಗಣಕಗಳ ಲೋಕದಲ್ಲಿ ಈ ಏಳನೆಯ ಪದಾರ್ಥದ ಬಗ್ಗೆಯೇ ಎರಡು ಸಂಪ್ರದಾಯಗಳು ಎದುರುಬದುರಾಗಿ ನಿಂತಿವೆ. ಯೋಜನಾ ತಂತ್ರಾಂಶಗಳ ಪರಂಪರೆ 1971ರ ಸ್ಟ್ರಿಪ್ಸ್‌ನಿಂದ ಬಂದದ್ದು. ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಶೇಕಿ ಎಂಬ ರೋಬಾಟ್‌ಗಾಗಿ ರಿಚರ್ಡ್ ಫೈಕ್ಸ್ ಮತ್ತು ನಿಲ್ಸ್ ನಿಲ್ಸನ್ ಅದನ್ನು ರೂಪಿಸಿದರು. 1998ರಲ್ಲಿ ಡ್ರೂ ಮೆಕ್‌ಡರ್ಮಟ್ ಮತ್ತು ಸಂಗಡಿಗರು ಕೊಟ್ಟ ಪಿಡಿಡಿಎಲ್ ಎಂಬ ಭಾಷೆ ಆ ಪರಂಪರೆಯನ್ನು ಮುಂದುವರಿಸಿತು. ಅಲ್ಲಿನ ವಾಡಿಕೆಯ ನಿಯಮ: ಹೇಳದೇ ಇರುವುದು ಸುಳ್ಳು. ‘ದಾರಿ ಇದೆ’ ಎಂದು ಬರೆಯದಿದ್ದರೆ ದಾರಿ ಇಲ್ಲ, ಮುಗಿಯಿತು. ಪದಾರ್ಥಕೋಶಗಳನ್ನು ಬರೆಯಲು 2004ರಲ್ಲಿ ಅಂತರಜಾಲದ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಮಾನ್ಯ ಮಾಡಿದ ಆವ್ಲ್ ಭಾಷೆಯ ನಿಯಮ ಬೇರೆ: ಹೇಳದೇ ಇರುವುದು ಗೊತ್ತಿಲ್ಲದ್ದು. ಎರಡಕ್ಕೂ ಅವುಗಳದೇ ಆದ ಕಾರಣಗಳಿವೆ. ಆದರೆ ಒಂದರ ಮಾತು ಇನ್ನೊಂದರ ಕಿವಿಗೆ ಬಿದ್ದಾಗ ‘ಗೊತ್ತಿಲ್ಲ’ ಎಂಬುದು ‘ಇಲ್ಲ’ ಆಗಿಬಿಡುತ್ತದೆ.

ಇದು ಪುಸ್ತಕದ ತಕರಾರಲ್ಲ. ನಮ್ಮಲ್ಲೊಬ್ಬರು ಕೆಲವು ವರ್ಷಗಳ ಹಿಂದೆ ಒಂದು ನಿಯಂತ್ರಣ ಕೊಠಡಿಯಲ್ಲಿ ರಾತ್ರಿ ಪಾಳಿಯಲ್ಲಿದ್ದರು. ಒಂದು ಹೋಬಳಿಯ ಮಳೆ ಸಂಜೆಯಿಂದ ಸೊನ್ನೆ ತೋರಿಸುತ್ತಿತ್ತು. ಸೊನ್ನೆ ನೋಡಿದ ತಂತ್ರಾಂಶ ಅಲ್ಲಿದ್ದ ದೋಣಿಯನ್ನು ಬೇರೆ ಕಡೆಗೆ ಹಂಚಿತು. ಬೆಳಗಿನ ಜಾವ ಆ ಊರಿಂದಲೇ ಫೋನ್ ಬಂತು. ಅಲ್ಲಿ ರಾತ್ರಿಯಿಡೀ ಮಳೆ ಸುರಿದಿತ್ತು. ಮಾಪಕದ ಬ್ಯಾಟರಿ ಸತ್ತಿತ್ತು, ಖಾಲಿ ಮನೆಯನ್ನು ಮಧ್ಯದ ಯಾವುದೋ ತಂತ್ರಾಂಶ ಸೊನ್ನೆಯಿಂದ ತುಂಬಿತ್ತು. ಪುಣ್ಯಕ್ಕೆ ಜೀವಹಾನಿ ಆಗಲಿಲ್ಲ. ಆ ಸೊನ್ನೆಯನ್ನು ಅವರು ಇವತ್ತಿಗೂ ಮರೆತಿಲ್ಲ, ಈ ಬಳಗ ಹುಟ್ಟಿದ್ದು ಅವರ ಮನೆಯ ಜಗಲಿಯಲ್ಲಿ.

ಗೇಟು ಮಾತು ಕೇಳದಿದ್ದಾಗ

ಯೋಜನಾ ತಂತ್ರಾಂಶಕ್ಕೆ ‘ಗೇಟು ಇಳಿಸು’ ಎಂಬುದು ಒಂದು ಕ್ರಿಯೆ. ಅದರ ಪರಿಣಾಮ: ಗೇಟು ಮುಚ್ಚಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟಿನ ಚೈನ್ ಲಿಂಕ್ ತುಂಡಾಯಿತು, ಗೇಟು ಕೊಚ್ಚಿಹೋಯಿತು. ಅಲ್ಲಿ ಸುಮಾರು 70 ವರ್ಷಗಳಿಂದ 33 ಗೇಟುಗಳು ಹೇಳಿದ ಮಾತು ಕೇಳುತ್ತ ಬಂದಿದ್ದವು. ಆ ರಾತ್ರಿಯ ಮಟ್ಟಿಗೆ ಒಂದು ಕೇಳಲಿಲ್ಲ. ಉಳಿದ ಗೇಟುಗಳನ್ನೂ ತೆರೆದು, ತುಂಬಿದ್ದ ನೀರನ್ನು ಹೊರಬಿಟ್ಟು, ಸುಮಾರು ಒಂದು ವಾರ ಹೆಣಗಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆಗಳನ್ನು ಇಳಿಸಿದ ತಂತ್ರಜ್ಞರಿಗೂ ಕಾರ್ಮಿಕರಿಗೂ ನಾಲ್ಕು ಜಿಲ್ಲೆಗಳ ರೈತರು ಕೈಮುಗಿದರು.

ಕ್ರಿಯೆಯ ಫಲ ಖಚಿತವಲ್ಲ ಎಂಬುದನ್ನು ಯೋಜನಾ ಸಂಶೋಧಕರು ಅರಿಯದವರಲ್ಲ. 2004ರಲ್ಲಿ ಯೂನೆಸ್ ಮತ್ತು ಲಿಟ್‌ಮನ್ ಪಿಡಿಡಿಎಲ್‌ಗೆ ಸಂಭವನೀಯತೆಯನ್ನು ಸೇರಿಸಿದರು. 2010ರಲ್ಲಿ ಸ್ಕಾಟ್ ಸ್ಯಾನರ್ ಆರ್‌ಡಿಡಿಎಲ್ ಕೊಟ್ಟರು. ಹೀಗಾಗಿ ಒಂದು ಯಂತ್ರ ತನ್ನೊಳಗೆ ‘ಈ ಗೇಟು ಮುಚ್ಚುವ ಸಂಭವ 98 ಪ್ರತಿಶತ’ ಎಂದು ಲೆಕ್ಕ ಹಾಕಬಲ್ಲದು. ಆದರೆ ‘ಗೇಟು’, ‘ಮುಚ್ಚುವುದು’ ಎಂಬವುಗಳ ಅರ್ಥ ಅದರ ಮನೆಯೊಳಗಿನದು. ಪಕ್ಕದ ಯಂತ್ರಕ್ಕೆ ಅದು ತಿಳಿಯದು. ಇತ್ತ ಆವ್ಲ್‌ನಲ್ಲಿ ಬರೆದ ಪದಾರ್ಥಕೋಶಕ್ಕೆ ಅರ್ಥ ಹಂಚಲು ಬರುತ್ತದೆ, ‘98 ಪ್ರತಿಶತ’ ಎಂಬುದನ್ನು ತರ್ಕದೊಳಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ. ಒಂದು ಪರಂಪರೆಗೆ ಅನುಮಾನ ಗೊತ್ತು, ಹಂಚಿಕೊಂಡ ಅರ್ಥ ಗೊತ್ತಿಲ್ಲ. ಇನ್ನೊಂದಕ್ಕೆ ಅರ್ಥ ಗೊತ್ತು, ಅನುಮಾನ ಗೊತ್ತಿಲ್ಲ.

ಎರಡನ್ನೂ ಕೂಡಿಸುವ ಕೆಲಸ ಶುರುವಾಗಿ ಎರಡು ದಶಕಗಳಾದವು. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ ಪಾವ್ಲೊ ಕೋಸ್ಟಾ 2005ರಲ್ಲಿ ತಮ್ಮ ಪಿಎಚ್.ಡಿ. ಪ್ರಬಂಧದಲ್ಲಿ ಪಿಆರ್-ಆವ್ಲ್ ಎಂಬ ಭಾಷೆಯನ್ನು ಮುಂದಿಟ್ಟರು. ಅದರ ಬೆನ್ನೆಲುಬು ಅಲ್ಲಿಯೇ ಕ್ಯಾಥರಿನ್ ಲ್ಯಾಸ್ಕಿ ಬೆಳೆಸಿದ ಬಹುವಸ್ತು ಬೇಯ್ಸ್ ಜಾಲದ ತರ್ಕ. ಬ್ರೆಜಿಲ್‌ನ ಬ್ರೆಸಿಲಿಯಾ ವಿಶ್ವವಿದ್ಯಾಲಯದವರು ಅದಕ್ಕೆ ಅನ್‌ಬೇಯ್ಸ್ ಎಂಬ ಮುಕ್ತ ತಂತ್ರಾಂಶವನ್ನೂ ಬರೆದರು.

ಅದರ ಹೂರಣ ಇಷ್ಟು. ಗೇಟು ಎಂಬ ಪದಾರ್ಥದ ಜೊತೆ ಒಂದು ತುಣುಕನ್ನು ಬರೆದಿಡುತ್ತೇವೆ: ಗೇಟಿನ ವಯಸ್ಸು, ಕೊನೆಯ ತಪಾಸಣೆಯ ದಿನ, ಮೇಲಿನ ನೀರಿನ ಒತ್ತಡ, ಇವುಗಳನ್ನು ಅವಲಂಬಿಸಿ ಅದು ಆಜ್ಞೆ ಪಾಲಿಸುವ ಸಂಭವನೀಯತೆ ಎಷ್ಟು. ಈ ತುಣುಕು ಒಂದು ಅಚ್ಚಿನಂತೆ. ತುಂಗಭದ್ರೆಗೆ 33 ಸಲ, ಆಲಮಟ್ಟಿಗೆ 26 ಸಲ ಒತ್ತಬಹುದು. ಮಳೆಮಾಪಕಕ್ಕೆ ಬೇರೆ ಅಚ್ಚು: ‘ಸೊನ್ನೆ ತೋರಿಸಿದೆ’ ಎಂಬುದಕ್ಕೆ ಮಳೆ ಇಲ್ಲದಿರುವುದೂ ಕಾರಣವಾಗಬಹುದು, ಬ್ಯಾಟರಿ ಸತ್ತಿರುವುದೂ ಆಗಬಹುದು, ಪಕ್ಕದ ಮಾಪಕ 90 ಮಿಲಿಮೀಟರ್ ತೋರಿಸುತ್ತಿದ್ದರೆ ಎರಡನೆಯ ಕಾರಣದ ತೂಕ ಏರುತ್ತದೆ. ಒಂದು ನಿರ್ದಿಷ್ಟ ರಾತ್ರಿ, ನಿರ್ದಿಷ್ಟ ಪ್ರಶ್ನೆ ಬಂದಾಗ, ಬೇಕಾದ ತುಣುಕುಗಳು ಒಂದಕ್ಕೊಂದು ಹೆಣೆದುಕೊಂಡು ಆ ಸಂದರ್ಭದ ಜಾಲವಾಗುತ್ತವೆ. ಉತ್ತರ ಕೊಟ್ಟದ್ದು ಯಾವ ಯಂತ್ರ, ಕೇಳಿದ್ದು ಯಾವ ಯಂತ್ರ ಎಂಬುದು ಮುಖ್ಯವಲ್ಲ. ಎರಡರ ಬಳಿಯೂ ಒಂದೇ ಅಚ್ಚು ಇದೆ. ಆ ರಾತ್ರಿ ಪಾಳಿಯ ಸೊನ್ನೆ ಈ ಅಚ್ಚಿನೊಳಗೆ ಬಿದ್ದಿದ್ದರೆ ದೋಣಿ ಅಷ್ಟು ಸುಲಭಕ್ಕೆ ಊರು ಬಿಡುತ್ತಿರಲಿಲ್ಲ.

ಮೋಟರು ಎತ್ತುವವರ ಲೆಕ್ಕ

‘ಇಷ್ಟೆಲ್ಲ ಏಕೆ? ಅಪಾಯ ಇದೆಯೋ ಇಲ್ಲವೋ ಹೇಳಿದರೆ ಸಾಲದೇ?’ ಎಂದು ಕೇಳುವವರು ನಮಗೆ ದಿನವೂ ಸಿಗುತ್ತಾರೆ. ಸಾಲದು. ಏಕೆಂದು ನದಿಯ ದಂಡೆಯ ರೈತರನ್ನು ಕೇಳಿ.

ನದಿಗೆ ಪಂಪ್‌ಸೆಟ್ ಇಳಿಸಿರುವ ರೈತರಿಗೆ ಹೊಳೆ ಏರುವ ಮುನ್ನ ಮೋಟರು ಎತ್ತಿಡುವುದು ದೊಡ್ಡ ತಲೆನೋವು. ಟ್ರ್ಯಾಕ್ಟರು, ಇಬ್ಬರು ಆಳು, ಮತ್ತೆ ಇಳಿಸುವ ಖರ್ಚು ಎಲ್ಲ ಸೇರಿ 2,000 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿಯಿರಿ. ಎತ್ತದೆ ಮೋಟರು, ಪೈಪು ಹೋದರೆ 40,000. ಹಾಗಾದರೆ ನೂರಕ್ಕೆ ಐದಕ್ಕಿಂತ ಹೆಚ್ಚು ಸಂಭವ ಇದ್ದರೂ ಎತ್ತುವುದೇ ಲಾಭ. ಆ ರೈತರ ಅಜ್ಜಂದಿರೂ ಇದನ್ನೇ ಮಾಡುತ್ತಿದ್ದರು, ಭಾಗಾಕಾರ ಬರೆಯದೆ.

ಆ ರೈತರ ಊರನ್ನು ಕಾಳಜಿ ಕೇಂದ್ರಕ್ಕೆ ಸಾಗಿಸಲು ಐದು ಪ್ರತಿಶತ ಸಾಕೇ? ದನಕರು ಬಿಟ್ಟು, ವಯಸ್ಸಾದವರನ್ನು ಎತ್ತಿಕೊಂಡು, ಮಕ್ಕಳ ಶಾಲೆಯಲ್ಲೇ ಮಲಗಿ, ನೀರು ಬಾರದೆ ಹೋದರೆ ಮುಂದಿನ ಸಲ ಡಂಗುರ ಸಾರಿದರೂ ಯಾರೂ ಏಳುವುದಿಲ್ಲ. ಎಷ್ಟು ಸಂಭವಕ್ಕೆ ಹೊರಡಬೇಕು ಎಂಬ ಗಡಿ ಅಲ್ಲಿ ಮೇಲಿರಬೇಕು. ಇನ್ನು ಅಣೆಕಟ್ಟೆಯವರ ಗಡಿ. ಪ್ರವಾಹ ಬರಬಹುದೆಂದು ಮುಂಚೆಯೇ ಒಂದು ದಿನ 1 ಲಕ್ಷ ಕ್ಯೂಸೆಕ್ ಬಿಟ್ಟರೆ 8.64 ಟಿಎಂಸಿ ಅಡಿ ನೀರು ಖಾಲಿ. ಪ್ರವಾಹ ಬಾರದಿದ್ದರೆ ಅದು ಹಿಂಗಾರಿನ ಬೆಳೆಗೆ ಇಲ್ಲವಾದ ನೀರು. ಬಿಡದೆ ಪ್ರವಾಹ ಬಂದರೆ ಕೆಳಗಿನವರು ಮುಳುಗುತ್ತಾರೆ.

ಒಂದೇ ಹೊಳೆ, ಒಂದೇ ಮುನ್ಸೂಚನೆ, ಮೂರು ಗಡಿಗಳು. ಮೇಲಿನ ಯಂತ್ರ 30 ಪ್ರತಿಶತ ಎಂದು ತಿಳಿದೂ ‘ಅಪಾಯ ಇಲ್ಲ’ ಎಂಬ ಒಂದೇ ಪದ ಕಳಿಸಿದರೆ, ಮೂವರ ಪರವಾಗಿಯೂ ಅದೇ ತೀರ್ಮಾನ ಮಾಡಿಬಿಟ್ಟಂತೆ. ಯಾರ ನಷ್ಟ ಎಷ್ಟು ಎಂದು ಗೊತ್ತಿಲ್ಲದವರಿಗೆ ಆ ತೀರ್ಮಾನ ಮಾಡುವ ಅಧಿಕಾರ ಇಲ್ಲ. ನಮ್ಮ ಇಡೀ ವಾದದ ತಿರುಳು ಇಲ್ಲಿದೆ. ಸಂಭವನೀಯತೆಯನ್ನು ಕಳಿಸುವುದು ಎಂದರೆ ತೀರ್ಮಾನವನ್ನು ಅದರ ಹಕ್ಕುದಾರರಿಗೆ ಬಿಟ್ಟುಕೊಡುವುದು.

ಬರೀ ಸಂಭವನೀಯತೆ ಕಳಿಸಿದರೂ ಸಾಲದು. ಅದು ಎಲ್ಲಿಂದ ಬಂತೆಂಬುದೂ ಜೊತೆಗೆ ಬರಬೇಕು. ಒಂದು ಊರು ಮುಳುಗುವ ಸಂಭವ 20 ಪ್ರತಿಶತ ಎಂದು ಇಟ್ಟುಕೊಳ್ಳಿ. ಹವಾಮಾನದ ಒಂದು ಮುನ್ಸೂಚನೆ ಬರುತ್ತದೆ. ಊರು ಮುಳುಗದ ದಿನಗಳಿಗಿಂತ ಮುಳುಗುವ ದಿನಗಳಲ್ಲಿ ಅಂಥ ಮುನ್ಸೂಚನೆ ನಾಲ್ಕು ಪಟ್ಟು ಹೆಚ್ಚು ಕಾಣುವಂಥದ್ದು. ಹೊಸ ಸಾಕ್ಷಿಗೆ ತಕ್ಕಂತೆ ಸಂಭವವನ್ನು ತಿದ್ದುವ ಬೇಯ್ಸ್ ಸೂತ್ರದಂತೆ ಅದು 50ಕ್ಕೆ ಏರುತ್ತದೆ. ಅದೇ ಮುನ್ಸೂಚನೆಯನ್ನು ಓದಿದ ಎರಡು ಇಲಾಖೆಗಳ ಯಂತ್ರಗಳು ತಮ್ಮ ತಮ್ಮ ಹೆಸರಿನಲ್ಲಿ ಎಚ್ಚರಿಕೆ ಕಳಿಸಿದರೆ, ಮೂರನೆಯ ಯಂತ್ರ ಎರಡು ಸಾಕ್ಷಿ ಸಿಕ್ಕಿತೆಂದು ಎಣಿಸಿ 80ಕ್ಕೆ ಏರಿಸುತ್ತದೆ. ಸಾಕ್ಷಿ ಇದ್ದದ್ದು ಒಂದೇ. ಗಾಳಿಮಾತು ನಾಲ್ಕು ಬಾಯಿಂದ ಕೇಳಿ ನಿಜವಾಗುವ ಹಾಗೆ.

ಹೆಣೆಯುವಾಗಿನ ತಪ್ಪು ಇನ್ನೊಂದು ದಿಕ್ಕಿಗೂ ಎಳೆಯಬಲ್ಲದು. ಪರಿಹಾರ ಕಾರ್ಯದ ಐದು ಹೆಜ್ಜೆಗಳನ್ನು ಐದು ಇಲಾಖೆಗಳು ಹಂಚಿಕೊಂಡಿವೆ, ಪ್ರತಿಯೊಂದೂ ತನ್ನ ಹೆಜ್ಜೆ 90 ಪ್ರತಿಶತ ಖಚಿತ ಎನ್ನುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದಿದ್ದರೆ ಐದೂ ನೆರವೇರುವ ಸಂಭವ 59 ಪ್ರತಿಶತ ಮಾತ್ರ. ಸಂಬಂಧ ಇದ್ದರೆ ಲೆಕ್ಕ ಬೇರೆ. ಒಂದೇ ಮಳೆ ರಸ್ತೆಯನ್ನೂ ಕಡಿಯುತ್ತದೆ, ಕರೆಂಟನ್ನೂ ತೆಗೆಯುತ್ತದೆ, ಮೊಬೈಲ್ ಟವರನ್ನೂ ಮಲಗಿಸುತ್ತದೆ. ಯಾವುದು ಯಾವುದನ್ನು ನೆಚ್ಚಿಕೊಂಡಿದೆ ಎಂಬ ಹೆಣಿಗೆಯನ್ನು ಪದಾರ್ಥಕೋಶವೇ ಹೊರಬೇಕು.

ಒಂದು ದೊಡ್ಡ ಯಂತ್ರ ಬೇಡ

ಇದಕ್ಕೆಲ್ಲ ಸುಲಭದ ಪರಿಹಾರ ಎಂದು ಕೆಲವರು ಹೇಳುವುದುಂಟು: ಎಲ್ಲರನ್ನೂ ಒಂದೇ ವ್ಯವಸ್ಥೆಗೆ ತನ್ನಿ, ಒಂದೇ ಕಂಪನಿಯ ತಂತ್ರಾಂಶ, ಒಂದೇ ಸರ್ವರ್. ನಾವು ಇದನ್ನು ಒಪ್ಪುವುದಿಲ್ಲ. ನಮ್ಮ ಸಂವಿಧಾನದಲ್ಲಿ ನೀರು ರಾಜ್ಯಪಟ್ಟಿಯ 17ನೇ ನಮೂದು, ಅಂತರರಾಜ್ಯ ನದಿಗಳ ನಿಯಂತ್ರಣ ಕೇಂದ್ರಪಟ್ಟಿಯ 56ನೇ ನಮೂದು. ಕೊಯ್ನಾ ಮಹಾರಾಷ್ಟ್ರದ್ದು, ಆಲಮಟ್ಟಿ ನಮ್ಮದು, ಜುರಾಲ ತೆಲಂಗಾಣದ್ದು, ಶ್ರೀಶೈಲಂ ಆಂಧ್ರ–ತೆಲಂಗಾಣಗಳ ನಡುವೆ. ಪ್ರತಿಯೊಬ್ಬರಿಗೂ ತಮ್ಮ ರೈತರಿದ್ದಾರೆ, ತಮ್ಮ ವಿಧಾನಸಭೆ ಇದೆ, ತಮ್ಮ ಗುರಿ ಇದೆ. ಗುರಿಗಳು ಬೇರೆಯಾಗಿಯೇ ಇರಲಿ. ಅರ್ಥ ಒಂದಾಗಲಿ, ಅನುಮಾನ ಬಿಚ್ಚಿಟ್ಟಿರಲಿ.

2009ನ್ನು ನೆನೆಯಿರಿ. ಆ ವರ್ಷ ದೇಶದ ಮುಂಗಾರು ದೀರ್ಘಾವಧಿ ಸರಾಸರಿಯ ಶೇ 78ರಷ್ಟೇ ಆಗಿತ್ತು. ಸೆಪ್ಟೆಂಬರ್ ಕೊನೆಗೆ ಉತ್ತರ ಕರ್ನಾಟಕದ ಮೇಲೆ ಮಳೆ ಮುರಿದುಕೊಂಡು ಬಿತ್ತು. ಅಕ್ಟೋಬರ್ 2ರಂದು ಕರ್ನೂಲು ನಗರ ಮುಳುಗಿತು. ಸುಮಾರು 19 ಲಕ್ಷ ಕ್ಯೂಸೆಕ್ ಹೊರಬಿಡಲು ವಿನ್ಯಾಸಗೊಂಡ ಶ್ರೀಶೈಲಂಗೆ 25 ಲಕ್ಷ ದಾಟಿದ ಒಳಹರಿವು ಬಂತು. ಬರಗಾಲದ ವರ್ಷದಲ್ಲಿ ಪ್ರತಿ ಜಲಾಶಯವೂ ನೀರು ಉಳಿಸಿಕೊಳ್ಳಲು ನೋಡುವುದು ನ್ಯಾಯವೇ. ನಮ್ಮ ವಿಧಾನ ಇದ್ದಿದ್ದರೆ ಕರ್ನೂಲು ಉಳಿಯುತ್ತಿತ್ತು ಎಂದು ನಾವು ಹೇಳುವುದಿಲ್ಲ. ಹೇಳಿದರೆ ಅದೂ ಅನುಮಾನವನ್ನು ಮುಚ್ಚಿಟ್ಟ ಮಾತಾಗುತ್ತದೆ. 2019ರ ಆಗಸ್ಟ್‌ನಲ್ಲಿ ಸಾಂಗಲಿ, ಕೊಲ್ಹಾಪುರ, ಬೆಳಗಾವಿ, ಬಾಗಲಕೋಟೆ ಮುಳುಗಿದಾಗ ಆಲಮಟ್ಟಿಯ ಹಿನ್ನೀರೇ ಕಾರಣವೋ ಅಲ್ಲವೋ ಎಂಬ ಜಗಳ ಮಹಾರಾಷ್ಟ್ರ–ಕರ್ನಾಟಕಗಳ ನಡುವೆ ಎದ್ದಿತು, ಇಂದಿಗೂ ಪೂರ್ತಿ ತಣಿದಿಲ್ಲ. ಎರಡೂ ರಾಜ್ಯಗಳ ಅಂಕಿಗಳು ಒಂದೇ ಅರ್ಥದಲ್ಲಿ, ತಮ್ಮ ಅನುಮಾನದ ಸಮೇತ, ಎಲ್ಲರೂ ನೋಡುವಂತೆ ಇದ್ದರೆ ಇಂಥ ಜಗಳ ಕಡಿಮೆ ಆಗುತ್ತದೆ ಎಂಬುದನ್ನು ಮಾತ್ರ ನಾವು ಗಟ್ಟಿಯಾಗಿ ಹೇಳುತ್ತೇವೆ.

ನಾವು ಕೇಳುವುದು, ನಾವು ಕೊಡುವುದು

ಸಾರ್ವಜನಿಕ ಹಣದಿಂದ ಕಟ್ಟಿದ ಯಾವ ಯೋಜನಾ ವ್ಯವಸ್ಥೆಯೂ ಬೆತ್ತಲೆ ಅಂಕಿಯನ್ನು ಹೊರಗೆ ಕಳಿಸಬಾರದು. ಏನನ್ನು ಅಳೆದದ್ದು, ಎಲ್ಲಿಂದ ಅಳೆದದ್ದು, ಯಾವ ಮೂಲದಿಂದ ಬಂದದ್ದು, ಎಷ್ಟು ಖಚಿತ ಎಂಬುದು ಅದರ ಮೈಮೇಲೇ ಇರಬೇಕು. ‘ಮಾಹಿತಿ ಇಲ್ಲ’ ಎಂಬುದಕ್ಕೆ ಅದರದೇ ಗುರುತಿರಬೇಕು, ಅದು ಎಂದೂ ಸೊನ್ನೆಯಾಗಬಾರದು. ಪದಾರ್ಥಕೋಶ ಯಾವ ಕಂಪನಿಯ ಸೊತ್ತೂ ಆಗಬಾರದು. ಒಂದೇ ಪದಾರ್ಥಕ್ಕೆ ಕನ್ನಡ, ಮರಾಠಿ, ತೆಲುಗು ಹೆಸರುಗಳನ್ನು ಅಂಟಿಸಲು ಆವ್ಲ್‌ನಲ್ಲಿ ಮೊದಲಿನಿಂದಲೂ ಅವಕಾಶವಿದೆ, ಅದನ್ನು ಬಳಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ವ್ಯವಸ್ಥೆಯೂ ಮಳೆಗಾಲ ಮುಗಿದ ಮೇಲೆ ತನ್ನ ಲೆಕ್ಕಪತ್ರ ಒಪ್ಪಿಸಬೇಕು: 70 ಪ್ರತಿಶತ ಎಂದು ಹೇಳಿದ ಸಂದರ್ಭಗಳಲ್ಲಿ ಎಷ್ಟು ಸಲ ನಿಜವಾಗಿಯೂ ನಡೆಯಿತು? ಈ ತಾಳೆ ನೋಡುವ ಮಾನದಂಡವನ್ನು ಗ್ಲೆನ್ ಬ್ರಯರ್ 1950ರಲ್ಲೇ ಹವಾಮಾನದವರಿಗೆ ಕೊಟ್ಟಿದ್ದರು. ತಾಳೆ ನೋಡದ ಸಂಭವನೀಯತೆ ಬರೀ ಅಲಂಕಾರ, ಅದನ್ನು ನಾವು ನಮ್ಮ ಬಳಗದೊಳಗೂ ಒಪ್ಪುವುದಿಲ್ಲ.

ಕಷ್ಟಗಳನ್ನು ಬಚ್ಚಿಡುವುದಿಲ್ಲ. ಯೋಜನೆ ಹೂಡುವುದೇ ಗಣಕಕ್ಕೆ ಅತಿ ಕಠಿಣ ಸಮಸ್ಯೆಗಳಲ್ಲೊಂದು. ಬೇಯ್ಸ್ ಜಾಲದಲ್ಲಿ ನಿಖರ ಉತ್ತರ ಹುಡುಕುವುದೂ ಸಾಮಾನ್ಯ ಸಂದರ್ಭದಲ್ಲಿ ಅಷ್ಟೇ ಬೆಟ್ಟದಂಥ ಕೆಲಸ ಎಂದು ಗ್ರೆಗರಿ ಕೂಪರ್ 1990ರಲ್ಲಿ ತೋರಿಸಿದರು. ಎರಡನ್ನೂ ಕೂಡಿಸಿದರೆ ಭಾರ ಹೆಚ್ಚುತ್ತದೆ. ಎಷ್ಟೋ ಕಡೆ ಅಂದಾಜಿನ ಉತ್ತರಕ್ಕೆ ತೃಪ್ತರಾಗಬೇಕು. ಕೆಲವು ಸಂಗತಿಗಳಿಗೆ ಸಂಭವನೀಯತೆ ಬೇಕೇ ಇಲ್ಲ. ಊರು ಯಾವ ತಾಲ್ಲೂಕಿನಲ್ಲಿದೆ ಎಂಬುದಕ್ಕೆ ಪ್ರತಿಶತ ಅಂಟಿಸುವುದು ಹುಚ್ಚುತನ. ಗೇಟು ಎತ್ತುವ ಅಧಿಕಾರ ಎಂಜಿನಿಯರ ಕೈಯಲ್ಲೇ, ಊರು ತೆರವಿನ ಅಧಿಕಾರ ಜಿಲ್ಲಾಧಿಕಾರಿಯ ಕೈಯಲ್ಲೇ ಇರಬೇಕು. ಯಂತ್ರದ ಅನುಮಾನ ಅವರ ಕಣ್ಣಿಗೂ, ಅವರ ಮೂಲಕ ಊರಿನವರ ಕಿವಿಗೂ ತಲುಪಬೇಕು ಎಂಬುದಷ್ಟೇ ನಮ್ಮ ಹಟ.

ಅನುಮಾನ ಎಂಬ ಪದಕ್ಕೆ ಕನ್ನಡದಲ್ಲಿ ಎರಡು ಮುಖಗಳಿವೆ. ಬೀದಿಯಲ್ಲಿ ಅದು ಸಂಶಯ. ತರ್ಕಶಾಸ್ತ್ರದಲ್ಲಿ ಅದು ಬೆಟ್ಟದ ಮೇಲಿನ ಹೊಗೆ ನೋಡಿ ಬೆಂಕಿಯನ್ನು ತಿಳಿಯುವ ದಾರಿ, ಅರಿವಿನ ಒಂದು ಪ್ರಮಾಣ. ಸಂಶಯವನ್ನು ಅರಿವಿನ ದಾರಿಯಾಗಿ ಮಾಡಿಕೊಳ್ಳುವ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಪದ ನಮಗೆ ಬೇರೆ ಯಾವ ಭಾಷೆಯಲ್ಲೂ ಸಿಕ್ಕಿಲ್ಲ.

ನಮ್ಮ ಮೊದಲ ಕೆಲಸ ಚಿಕ್ಕದು. ಪತ್ರಿಕೆಯ ಆ ಪುಟ್ಟ ಪಟ್ಟಿಯನ್ನೇ ತೆಗೆದುಕೊಂಡು, ಪ್ರತಿ ಅಂಕಿಗೂ ಅದರ ಅಡಿಗಲ್ಲು, ಅದರ ಮೂಲ, ಅದರ ಅನುಮಾನ ಸೇರಿಸಿ, ಯಾವ ಯಂತ್ರವೂ ಓದುವಂತೆ ಬರೆಯುತ್ತೇವೆ, ಯಾರು ಬೇಕಾದರೂ ಬಳಸಲು ಬಿಡುತ್ತೇವೆ. ಎರಡನೆಯ ಕೆಲಸ ಸೇತುವೆಗಳದು, ಅದನ್ನು ನಾವೊಬ್ಬರೇ ಮಾಡಲಾರೆವು. ಕೃಷ್ಣೆ, ಘಟಪ್ರಭೆ, ಮಲಪ್ರಭೆ, ಭೀಮೆ, ದೂಧಗಂಗೆ, ತುಂಗಭದ್ರೆಯ ದಂಡೆಯಲ್ಲಿ ನಿಮ್ಮ ಊರಿದ್ದರೆ, ನೀರು ನಿಮ್ಮ ಗುಡಿಯ ಎಷ್ಟನೇ ಮೆಟ್ಟಿಲು ಮುಟ್ಟಿದಾಗ ನಿಮ್ಮ ಸೇತುವೆ ಮುಳುಗುತ್ತದೆ, ಮುಳುಗಿತೆಂದರೆ ನೀವು ಏನೆಂದು ತಿಳಿಯುತ್ತೀರಿ, ಎಷ್ಟು ವರ್ಷಗಳಲ್ಲಿ ಎಷ್ಟು ಸಲ ಹಾಗಾಯಿತು ಎಂದು ಬರೆದುಕೊಡಿ. ನೆನಪು ಖಚಿತವಿಲ್ಲದಿದ್ದರೆ ಖಚಿತವಿಲ್ಲ ಎಂದೇ ಬರೆಯಿರಿ.